ಬ್ರೌಸರ್ ಕ್ಯಾಶೆ: ವೆಬ್ ಅನ್ವಯಗಳಲ್ಲಿ ದತ್ತಾಂಶದ ಸಂಗ್ರಹ ಮತ್ತು ಅದರ ನಿಯಂತ್ರಣ

ವೆಬ್ ಸರ್ವರಿನಿಂದ ಒಮ್ಮೆ ಬಂದ ಉತ್ತರದ ಪ್ರತಿಯನ್ನು ಬಳಕೆದಾರನ ಯಂತ್ರದಲ್ಲಿಯೇ ಇರಿಸಿಕೊಂಡು, ಅದೇ ವಿಳಾಸಕ್ಕೆ ಮತ್ತೆ ಕೋರಿಕೆ ಹುಟ್ಟಿದಾಗ ಜಾಲದ ದಾರಿ ಹಿಡಿಯದೆ ಆ ಪ್ರತಿಯನ್ನೇ ಒಪ್ಪಿಸುವ ಏರ್ಪಾಡಿಗೆ ಬ್ರೌಸರ್ ಕ್ಯಾಶೆ ಎಂದು ಹೆಸರು. ಚಿತ್ರ, ಲಿಪಿವಿನ್ಯಾಸ, ಶೈಲಿಪತ್ರ ಮೊದಲಾದ ಅಪರೂಪಕ್ಕೆ ಬದಲಾಗುವ ಸಾಮಗ್ರಿಯ ವಿಷಯದಲ್ಲಿ ಇದರ ಉಪಕಾರ ನಿರ್ವಿವಾದವಾದುದು. ಆದರೆ ಪುಟವನ್ನು ಪೂರ್ತಿಯಾಗಿ ಮರಳಿ ತರಿಸದೆ, ಖಾತೆಯ ಶಿಲ್ಕು, ರೈಲಿನಲ್ಲಿ ಉಳಿದಿರುವ ಆಸನ, ಹರಾಜಿನ ಇತ್ತೀಚಿನ ಬೆಲೆ ಮುಂತಾದ ಚಂಚಲ ದತ್ತಾಂಶವನ್ನು ಮಾತ್ರ ಹಿನ್ನೆಲೆಯಲ್ಲಿ ಕೇಳಿ ಪಡೆಯುವ ಅನ್ವಯಗಳು ರೂಢಿಗೆ ಬಂದ ಮೇಲೆ, ಉಪಕಾರಿಯಾಗಿದ್ದ ಈ ಸಂಗ್ರಹವೇ ಹಳೆಯದನ್ನು ಹೊಸದೆಂದು ತೋರಿಸುವ ಅಪಾಯಕ್ಕೂ ಕಾರಣವಾಯಿತು. ಕ್ಯಾಶೆಯ ದೋಷಗಳೆಂದು ತಂತ್ರಾಂಶಕಾರರು ದೂರುವವುಗಳಲ್ಲಿ ಬಹುಪಾಲು, ವಾಸ್ತವದಲ್ಲಿ, ಉತ್ತರ ಕೊಟ್ಟ ಸರ್ವರು ಆ ಉತ್ತರದ ಆಯುಸ್ಸಿನ ಬಗ್ಗೆ ಏನನ್ನೂ ಹೇಳದೆ ಮೌನವಾಗಿದ್ದುದರಿಂದ ಹುಟ್ಟಿದವು. ಆ ಮೌನವನ್ನು ಬ್ರೌಸರು ತನ್ನ ಊಹೆಯಿಂದ ತುಂಬಿಕೊಳ್ಳುತ್ತದೆ.

ಬೇಕಾದುದನ್ನು ಕೈಗೆಟಕುವಲ್ಲಿ ಇರಿಸಿಕೊಳ್ಳುವ ತತ್ತ್ವ ವೆಬ್ಬಿಗಿಂತ ಹಳೆಯದು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಮಾರಿಸ್ ವಿಲ್ಕ್ಸ್ 1965ರಲ್ಲಿ ಪ್ರಕಟಿಸಿದ ಕಿರುಪ್ರಬಂಧವೊಂದರಲ್ಲಿ, ನಿಧಾನಗತಿಯ ದೊಡ್ಡ ಸ್ಮೃತಿಯ ಮುಂದೆ ಶೀಘ್ರಗತಿಯ ಸಣ್ಣ ಸ್ಮೃತಿಯೊಂದನ್ನು ನಿಲ್ಲಿಸುವ ಯೋಜನೆಯನ್ನು ವಿವರಿಸಿದ್ದರು. ಅಲ್ಲಿ ಎರಡು ಸ್ಮೃತಿಗಳೂ ಒಂದೇ ಯಂತ್ರದ ಅಧೀನದಲ್ಲಿರುವುದರಿಂದ, ಒಂದು ಬದಲಾದಾಗ ಮತ್ತೊಂದನ್ನು ತಿದ್ದುವುದು ಯಂತ್ರದ ಒಳಗಿನ ವ್ಯವಹಾರವಾಗಿಯೇ ಮುಗಿಯುತ್ತದೆ. ವೆಬ್ಬಿನಲ್ಲಾದರೋ ಮೂಲ ಒಂದು ಖಂಡದಲ್ಲಿದ್ದರೆ ಪ್ರತಿಗಳು ಲಕ್ಷಾಂತರ ಅಪರಿಚಿತ ಯಂತ್ರಗಳಲ್ಲಿ ಚದುರಿರುತ್ತವೆ. ತನ್ನ ಉತ್ತರದ ಪ್ರತಿಗಳು ಯಾರ ಬಳಿ ಇವೆಯೆಂಬ ಲೆಕ್ಕವನ್ನು ಸರ್ವರು ಇಡುವುದಿಲ್ಲ, ಮೂಲ ಬದಲಾದಾಗ ಅವುಗಳಿಗೆ ಸುದ್ದಿ ಮುಟ್ಟಿಸುವ ಮಾರ್ಗವೂ ಅದಕ್ಕಿಲ್ಲ. ಆದಕಾರಣ ಉತ್ತರವನ್ನು ಕಳುಹಿಸುವ ಗಳಿಗೆಯಲ್ಲಿಯೇ ಅದರ ಆಯುಸ್ಸನ್ನೂ ನುಡಿದು ಕಳುಹಿಸಬೇಕೆಂಬ ನಿಯಮ ವೆಬ್ಬಿನ ಸಂಗ್ರಹಶಾಸ್ತ್ರಕ್ಕೆ ತಳಹದಿಯಾಯಿತು.

ಟಿಮ್ ಬರ್ನರ್ಸ್-ಲೀ ಜಿನೀವಾದ ಸರ್ನ್ ಸಂಸ್ಥೆಯಲ್ಲಿ ರೂಪಿಸಿದ ಎಚ್‌ಟಿಟಿಪಿ ನಿಯಮಾವಳಿಯ ಮೊದಮೊದಲ ಬಳಕೆಯಲ್ಲಿ ಇಂಥ ವ್ಯವಸ್ಥೆ ಇರಲಿಲ್ಲ. 1996ರ ಮೇ ತಿಂಗಳಿನಲ್ಲಿ ಆರ್‌ಎಫ್‌ಸಿ 1945 ಎಂಬ ಸಂಖ್ಯೆಯಿಂದ ಹೊರಬಂದ ಎಚ್‌ಟಿಟಿಪಿ 1.0ರ ವಿವರಣೆಯಲ್ಲಿ ಎಕ್ಸ್‌ಪೈರ್ಸ್, ಲಾಸ್ಟ್-ಮಾಡಿಫೈಡ್, ಪ್ರಾಗ್ಮಾ ಎಂಬ ಹೆಡರುಗಳು ಕಾಣಿಸಿಕೊಂಡವು. ಎಕ್ಸ್‌ಪೈರ್ಸ್ ಹೆಡರು ಉತ್ತರದ ಅವಧಿ ಮುಗಿಯುವ ದಿನಾಂಕವನ್ನೂ ವೇಳೆಯನ್ನೂ ಹೇಳುತ್ತಿದ್ದಿತು. ಸರ್ವರಿನ ಗಡಿಯಾರವೂ ಬಳಕೆದಾರನ ಗಡಿಯಾರವೂ ಹೊಂದದಿದ್ದರೆ ಆ ವೇಳೆ ನಿರರ್ಥಕವಾಗುತ್ತಿದ್ದುದು ಅದರ ದೌರ್ಬಲ್ಯ. 1997ರ ಜನವರಿಯಲ್ಲಿ ಬಂದ ಎಚ್‌ಟಿಟಿಪಿ 1.1, ಗಡಿಯಾರದ ವೇಳೆಗೆ ಬದಲಾಗಿ ಸೆಕೆಂಡುಗಳ ಅವಧಿಯನ್ನು ಹೇಳುವ ಮ್ಯಾಕ್ಸ್-ಏಜ್ ಎಂಬ ಆದೇಶವನ್ನು ಒಳಗೊಂಡ ಕ್ಯಾಶೆ-ಕಂಟ್ರೋಲ್ ಹೆಡರನ್ನು ತಂದಿತು. 1999ರಲ್ಲಿಯೂ 2014ರಲ್ಲಿಯೂ ಪರಿಷ್ಕೃತವಾದ ಈ ನಿಯಮಗಳು 2022ರ ಜೂನ್‌ನಲ್ಲಿ ಪ್ರಕಟವಾದ ಆರ್‌ಎಫ್‌ಸಿ 9111ರಲ್ಲಿ ಈಗಿನ ರೂಪವನ್ನು ತಳೆದಿವೆ. ರಾಯ್ ಫೀಲ್ಡಿಂಗ್, ಮಾರ್ಕ್ ನಾಟಿಂಗ್‌ಹ್ಯಾಮ್ ಮತ್ತು ಜೂಲಿಯನ್ ರೆಷ್ಕೆ ಅದರ ಸಂಪಾದಕರು.

ಈ ನಿಯಮಗಳ ಪ್ರಕಾರ ಸಂಗ್ರಹದಲ್ಲಿರುವ ಉತ್ತರಕ್ಕೆ ಎರಡು ಅವಸ್ಥೆಗಳುಂಟು: ತಾಜಾ ಮತ್ತು ಹಳತು. ಪಂಚಾಂಗವು ಇಂಥ ಸಂವತ್ಸರಕ್ಕೆಂದು ತನ್ನ ಮುಖಪುಟದಲ್ಲಿಯೇ ಅಚ್ಚಾಗಿ ಬರುವುದರಿಂದ, ಮುಂದಿನ ಯುಗಾದಿಯವರೆಗೆ ಮನೆಯವರು ಯಾರನ್ನೂ ಕೇಳದೆ ಅದನ್ನು ತೆರೆದು ನೋಡುವ ಹಾಗೆ, ತಾಜಾ ಇರುವ ಪ್ರತಿಯನ್ನು ಬ್ರೌಸರು ಸರ್ವರಿನ ಗೊಡವೆಯಿಲ್ಲದೆ ಬಳಸುತ್ತದೆ. ಹಳತಾಯಿತೆಂದ ಮಾತ್ರಕ್ಕೆ ಪ್ರತಿ ತಪ್ಪೆಂದಾಗಲಿ, ಅದನ್ನು ಎಸೆಯಬೇಕೆಂದಾಗಲಿ ಅರ್ಥವಲ್ಲ. ಬಳಸುವ ಮುನ್ನ ಒಮ್ಮೆ ಮೂಲವನ್ನು ವಿಚಾರಿಸಬೇಕೆಂದಷ್ಟೇ ಅರ್ಥ. ಈ ವಿಚಾರಣೆಗೆ ಇಟ್ಯಾಗ್ ಎಂಬ ಗುರುತು ಸಾಧನವಾಗುತ್ತದೆ: ಸರ್ವರು ಉತ್ತರದೊಡನೆ ಕೊಟ್ಟಿದ್ದ ಗುರುತನ್ನು ಬ್ರೌಸರು ಇಫ್-ನನ್-ಮ್ಯಾಚ್ ಎಂಬ ಹೆಡರಿನಲ್ಲಿ ಹಿಂದಿರುಗಿಸಿ ಕೇಳಿದಾಗ, ಮೂಲ ಬದಲಾಗದಿದ್ದರೆ ಸರ್ವರು 304 ಎಂಬ ಸಂಕೇತವನ್ನು ಮಾತ್ರ ಕಳುಹಿಸಿ ಒಡಲನ್ನು ಕಳುಹಿಸುವ ಶ್ರಮವನ್ನು ಉಳಿಸುತ್ತದೆ, ಬದಲಾಗಿದ್ದರೆ 200ರೊಡನೆ ಹೊಸ ಉತ್ತರ ಬರುತ್ತದೆ. ಇಟ್ಯಾಗ್ ಇಲ್ಲದಲ್ಲಿ ಕಡೆಯ ಬಾರಿ ಬದಲಾದ ದಿನಾಂಕವೇ ಅದರ ಕೆಲಸವನ್ನು ಮಾಡುತ್ತದೆ, ಆದರೆ ಆ ದಿನಾಂಕ ಸೆಕೆಂಡಿಗಿಂತ ಸೂಕ್ಷ್ಮವಾದ ಬದಲಾವಣೆಯನ್ನು ಗುರುತಿಸಲಾರದು.

ಸರ್ವರು ಆಯುಸ್ಸನ್ನು ಹೇಳದಿದ್ದ ಪಕ್ಷದಲ್ಲಿ ಏನಾಗಬೇಕು? ಸಂಗ್ರಹಿಸಲೇಬಾರದೆಂದು ನಿಯಮಕಾರರು ವಿಧಿಸಿದ್ದರೆ ಮುಂದಿನ ತಾಪತ್ರಯಗಳಲ್ಲಿ ಅರ್ಧ ಹುಟ್ಟುತ್ತಲೇ ಇರಲಿಲ್ಲ. ಆದರೆ ಅಂದಿನ ಸರ್ವರುಗಳಲ್ಲಿ ಹೆಚ್ಚಿನವು ಏನನ್ನೂ ಹೇಳುತ್ತಿರಲಿಲ್ಲವಾದ್ದರಿಂದ, ಅಂಥ ವಿಧಿ ಸಂಗ್ರಹವನ್ನೇ ನಿಷ್ಪ್ರಯೋಜಕಗೊಳಿಸುತ್ತಿತ್ತು. ಆದಕಾರಣ ಊಹೆಗೆ ಅವಕಾಶವನ್ನಿತ್ತರು. ಉತ್ತರವು ಕಡೆಯ ಬಾರಿ ಬದಲಾದಂದಿನಿಂದ ಕಳೆದ ಕಾಲದ ಶೇಕಡಾ 10ರಷ್ಟನ್ನು ಅದರ ಆಯುಸ್ಸೆಂದು ಎಣಿಸುವುದು ಈ ಊಹೆಯ ರೂಢಿಯ ಕ್ರಮ. ನೂರು ದಿನಗಳಿಂದ ಬದಲಾಗದ ಕಡತ ಇನ್ನು ಹತ್ತು ದಿನ ಬದಲಾಗದೆಂಬ ನಂಬಿಕೆ ಅದರ ಹಿಂದಿದೆ. ಕಡತಗಳ ಮಟ್ಟಿಗೆ ಈ ನಂಬಿಕೆ ಅಸಮಂಜಸವಲ್ಲ. ದತ್ತಾಂಶದ ಸ್ವಭಾವ ಬೇರೆ: ಒಂದು ತಿಂಗಳು ಯಾರೂ ಮುಟ್ಟದ ಖಾತೆಗೆ ಮುಂದಿನ ನಿಮಿಷದಲ್ಲಿ ಹಣ ಜಮೆಯಾಗಬಹುದು, ಮತ್ತು ಗತಕಾಲದ ನಿಶ್ಚಲತೆ ಅಲ್ಲಿ ಭವಿಷ್ಯಕ್ಕೆ ಸಾಕ್ಷಿಯಾಗಲಾರದು. 404 ಎಂಬ, ಇಲ್ಲವೆಂಬ ಉತ್ತರವೂ 301 ಎಂಬ ಶಾಶ್ವತ ವಿಳಾಸಾಂತರದ ಉತ್ತರವೂ ಇದೇ ಊಹೆಗೆ ಒಳಪಡುವವೆಂಬುದನ್ನು ಅನೇಕರು ಕಷ್ಟಪಟ್ಟ ಮೇಲೆ ಕಲಿಯುತ್ತಾರೆ.

ದತ್ತಾಂಶವನ್ನು ಹಿನ್ನೆಲೆಯಲ್ಲಿ ತರಿಸುವ ಉಪಾಯವನ್ನು ಮೈಕ್ರೋಸಾಫ್ಟಿನವರು ಔಟ್‌ಲುಕ್ ಅಂಚೆಯ ವೆಬ್ ರೂಪಕ್ಕಾಗಿ ನಿರ್ಮಿಸಿದ್ದರು. 1999ರ ಮಾರ್ಚಿನಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರೊಡನೆ ಅದು ಎಲ್ಲರ ಕೈಗೆ ಬಂದಿತು. ಇತರ ಬ್ರೌಸರುಗಳು ಅದನ್ನು ಅನುಸರಿಸಿ ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟ್ ಎಂಬ ಹೆಸರಿನಿಂದ ಅಳವಡಿಸಿಕೊಂಡವು. 2004ರ ಜಿಮೇಲ್ ಮತ್ತು 2005ರ ಗೂಗಲ್ ನಕ್ಷೆಗಳು ಅದರ ಸಾಮರ್ಥ್ಯವನ್ನು ಲೋಕಕ್ಕೆ ತೋರಿಸಿದವು. 2005ರ ಫೆಬ್ರವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಈ ವಿಧಾನಕ್ಕೆ ಅಜಾಕ್ಸ್ ಎಂಬ ಹೆಸರನ್ನಿಟ್ಟರು. ಆದರೆ ಪುಟದ ಕೋರಿಕೆಗೂ ದತ್ತಾಂಶದ ಕೋರಿಕೆಗೂ ಬ್ರೌಸರಿನ ಸಂಗ್ರಹ ಒಂದೇ ಆಗಿದ್ದು, ಒಂದೇ ನಿಯಮಕ್ಕೆ ಒಳಪಟ್ಟಿದ್ದಿತು. ಆಯುಸ್ಸನ್ನು ಹೇಳದೆ ಬಂದ ಉತ್ತರವನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್ ಧಾರಾಳವಾಗಿ ಸಂಗ್ರಹಿಸಿ, ಅದೇ ವಿಳಾಸಕ್ಕೆ ಮತ್ತೆ ಹೊರಟ ಗೆಟ್ ಕೋರಿಕೆಗೆ ಅದನ್ನೇ ನೀಡುತ್ತಿದ್ದುದರಿಂದ, ಫೈರ್‌ಫಾಕ್ಸಿನಲ್ಲಿ ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದ ಪಟ್ಟಿ ಇಲ್ಲಿ ಮಾತ್ರ ಸ್ತಬ್ಧವಾಗಿ ನಿಂತಿರುವುದನ್ನು ಕಂಡು ತಂತ್ರಾಂಶಕಾರರು ಬೆರಗಾದರು. ನಿಯಮದ ಅಕ್ಷರವನ್ನು ನೋಡಿದರೆ ತಪ್ಪು ಆ ಬ್ರೌಸರಿನದಲ್ಲವೆಂಬುದೂ ನಿಜ.

ಇದಕ್ಕೆ ಆ ಕಾಲದ ಜನ ಕಂಡುಕೊಂಡ ಉಪಾಯ, ಪ್ರತಿ ಕೋರಿಕೆಯ ವಿಳಾಸದ ತುದಿಗೆ ಯಾದೃಚ್ಛಿಕ ಸಂಖ್ಯೆಯನ್ನೋ ಆ ಕ್ಷಣದ ಕಾಲಸೂಚಿಯನ್ನೋ ಅಂಟಿಸುವುದು. ಸಂಗ್ರಹವು ಪ್ರತಿಯನ್ನು ವಿಳಾಸದ ಆಧಾರದ ಮೇಲೆ ಹುಡುಕುವುದರಿಂದ, ಎಂದೂ ಕೇಳದ ವಿಳಾಸಕ್ಕೆ ಸಂಗ್ರಹದಲ್ಲಿ ಉತ್ತರವಿರಲಾರದು. ಜಾನ್ ರೆಸಿಗ್ 2006ರಲ್ಲಿ ಹೊರತಂದ ಜೆಕ್ವೆರಿ ಎಂಬ ಉಪಕರಣಸಂಪುಟದಲ್ಲಿ ಈ ಉಪಾಯವೇ ಒಂದು ಆಯ್ಕೆಯಾಗಿ ನೆಲೆಗೊಂಡು, ಅಡಿಗೆರೆಯ ಚಿಹ್ನೆಯ ಮುಂದೆ ಕಾಲಸೂಚಿಯನ್ನು ತಾನಾಗಿ ಸೇರಿಸುತ್ತಿದ್ದಿತು. ಉಪಾಯ ಫಲಿಸುತ್ತದೆ, ಆದರೆ ಪ್ರಶಂಸೆಗೆ ಅರ್ಹವಲ್ಲ. ಇನ್ನೆಂದೂ ಯಾರೂ ಕೇಳದ ಪ್ರತಿಗಳಿಂದ ಸಂಗ್ರಹ ತುಂಬುತ್ತದೆ, ಅವುಗಳ ಒತ್ತಡಕ್ಕೆ ಉಪಯುಕ್ತವಾದ ಪ್ರತಿಗಳು ಹೊರಬೀಳುತ್ತವೆ, ನಡುದಾರಿಯ ಸಂಗ್ರಹಗಳೂ ವ್ಯರ್ಥವಾಗುತ್ತವೆ, 304ರಿಂದ ಆಗಬಹುದಾಗಿದ್ದ ಉಳಿತಾಯವೂ ತಪ್ಪುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಸರ್ವರು ಹೇಳಬೇಕಾದ ಮಾತನ್ನು ಹೇಳದೆ ಬಿಟ್ಟು, ಕೇಳುವವನು ಬ್ರೌಸರಿಗೆ ಸೋಗು ಹಾಕುವ ಈ ಪದ್ಧತಿ, ಆ ಸರ್ವರಿನಿಂದ ದತ್ತಾಂಶ ಪಡೆಯುವ ಪ್ರತಿಯೊಬ್ಬನೂ ಅದೇ ಸೋಗನ್ನು ಪ್ರತ್ಯೇಕವಾಗಿ ಹಾಕಬೇಕಾದ ಸ್ಥಿತಿಯನ್ನು ತರುತ್ತದೆ. ಸರ್ವರು ಪರಾಧೀನವಾಗಿದ್ದು ಅದರ ಹೆಡರನ್ನು ತಿದ್ದಿಸಲು ಸಾಧ್ಯವೇ ಇಲ್ಲದಿದ್ದರೆ ಮಾತ್ರ ಅದನ್ನು ಕ್ಷಮಿಸಬಹುದು.

ಗೆಟ್‌ಗೆ ಬದಲು ಪೋಸ್ಟ್ ವಿಧಾನವನ್ನು ಬಳಸುವುದು ಇನ್ನೊಂದು ಉಪಾಯವಾಗಿತ್ತು. ಪೋಸ್ಟ್ ಕೋರಿಕೆಯ ಉತ್ತರವನ್ನು ಬ್ರೌಸರುಗಳು ಸಂಗ್ರಹಿಸವೆಂಬುದು ಸರ್ವಸಮ್ಮತವಾದ ನಂಬಿಕೆ. 2012ರ ಸೆಪ್ಟೆಂಬರಿನಲ್ಲಿ ಆಪಲ್ ಸಂಸ್ಥೆ ಐಓಎಸ್ 6 ಅನ್ನು ಬಿಡುಗಡೆ ಮಾಡಿದಾಗ, ಅದರ ಸಫಾರಿ ಬ್ರೌಸರು ಕ್ಯಾಶೆ-ಕಂಟ್ರೋಲ್ ಹೆಡರಿಲ್ಲದ ಪೋಸ್ಟ್ ಉತ್ತರಗಳನ್ನೂ ಸಂಗ್ರಹಿಸುತ್ತಿರುವುದು ಬೆಳಕಿಗೆ ಬಂದಿತು. ಸ್ಪಷ್ಟವಾದ ಅನುಮತಿಯಿಲ್ಲದೆ ಪೋಸ್ಟ್ ಉತ್ತರವನ್ನು ಮರುಬಳಸಲು ನಿಯಮದಲ್ಲಿ ಆಸ್ಪದವಿರಲಿಲ್ಲವಾದ್ದರಿಂದ ಇಲ್ಲಿ ತಪ್ಪು ಬ್ರೌಸರಿನದೇ ಸರಿ. ಆದರೂ ನೋ-ಕ್ಯಾಶೆ ಎಂಬ ಒಂದು ಆದೇಶವನ್ನು ಮೊದಲೇ ಕಳುಹಿಸುತ್ತಿದ್ದ ಸರ್ವರುಗಳಿಗೆ ಈ ಉಪದ್ರವ ತಟ್ಟಲಿಲ್ಲ.

ಆದೇಶಗಳಲ್ಲಿ ನೋ-ಕ್ಯಾಶೆ ಮತ್ತು ನೋ-ಸ್ಟೋರ್ ಎಂಬಿವೆರಡರ ಭೇದವನ್ನು ಮೊದಲು ತಿಳಿಯಬೇಕು. ನೋ-ಕ್ಯಾಶೆ ಎಂದರೆ, ಹೆಸರು ತೋರುವುದಕ್ಕೆ ವ್ಯತಿರಿಕ್ತವಾಗಿ, ಪ್ರತಿಯನ್ನು ಇರಿಸಿಕೊಳ್ಳಬಹುದು, ಆದರೆ ಪ್ರತಿ ಬಾರಿಯೂ ಮೂಲವನ್ನು ವಿಚಾರಿಸದೆ ಬಳಸಕೂಡದು ಎಂದಾಗುತ್ತದೆ. ನೋ-ಸ್ಟೋರ್ ಎಂದರೆ ಪ್ರತಿಯನ್ನು ಇರಿಸಿಕೊಳ್ಳಲೇಕೂಡದು. ಪ್ರೈವೇಟ್ ಎಂಬುದು ಬಳಕೆದಾರನ ಸ್ವಂತ ಬ್ರೌಸರಿಗೆ ಅನುಮತಿಯಿತ್ತು ಹಂಚಿಕೆಯ ಸಂಗ್ರಹಗಳಿಗೆ ನಿಷೇಧಿಸುತ್ತದೆ. ಮಸ್ಟ್-ರಿವ್ಯಾಲಿಡೇಟ್ ಎಂಬುದು, ಜಾಲ ಕಡಿದುಹೋದ ಸಂದರ್ಭದಲ್ಲಿಯೂ ಹಳತಾದ ಪ್ರತಿಯನ್ನು ಕೊಡಬಾರದೆಂದು ಕಟ್ಟುಮಾಡುತ್ತದೆ. ಇವನ್ನು ವಿವೇಚಿಸಿ ಆರಿಸುವುದಕ್ಕಿಂತ ಎಲ್ಲವನ್ನೂ ಒಟ್ಟಾಗಿ ಪೋಣಿಸಿ ಕಳುಹಿಸುವ ರೂಢಿಯೇ ಹೆಚ್ಚು. ಸ್ಪ್ರಿಂಗ್ ಸೆಕ್ಯೂರಿಟಿ ಎಂಬ ಪ್ರಸಿದ್ಧ ಜಾವಾ ಚೌಕಟ್ಟು, ಬೇರೆ ಆಜ್ಞೆಯಿಲ್ಲದಿದ್ದಲ್ಲಿ, ನೋ-ಕ್ಯಾಶೆ, ನೋ-ಸ್ಟೋರ್, ಸೊನ್ನೆಯ ಮ್ಯಾಕ್ಸ್-ಏಜ್, ಮಸ್ಟ್-ರಿವ್ಯಾಲಿಡೇಟ್ ಇವು ನಾಲ್ಕನ್ನೂ ಪ್ರಾಗ್ಮಾ ಮತ್ತು ಎಕ್ಸ್‌ಪೈರ್ಸ್‌ಗಳೊಡನೆ ಸೇರಿಸಿ ಕಳುಹಿಸುತ್ತದೆ. ನೋ-ಸ್ಟೋರ್ ಒಂದೇ ಈಗಿನ ಬ್ರೌಸರುಗಳಿಗೆ ಸಾಕು. ಉಳಿದವು ಬಹುಮಟ್ಟಿಗೆ ಹಳೆಯ ತಂತ್ರಾಂಶಗಳ ಮೇಲಿನ ಅಪನಂಬಿಕೆಯ ಅವಶೇಷಗಳು. ಗುಟ್ಟಾಗಿರಬೇಕಾದ ದತ್ತಾಂಶಕ್ಕೆ ನೋ-ಸ್ಟೋರ್ ಯುಕ್ತ, ಆದರೆ ಕೇವಲ ಹೊಸತಾಗಿರಬೇಕಾದ ದತ್ತಾಂಶಕ್ಕೆ ನೋ-ಕ್ಯಾಶೆಯೊಡನೆ ಇಟ್ಯಾಗ್ ಇದ್ದರೆ ಹೆಚ್ಚು ಲಾಭ. ಈ ಎರಡನ್ನು ಒಂದೆಂದು ಭಾವಿಸಿ, ಊರುಗಳ ಹೆಸರಿನ ಪಟ್ಟಿಗೂ ಬ್ಯಾಂಕಿನ ವಹಿವಾಟಿಗೂ ಸಮಾನವಾಗಿ ನೋ-ಸ್ಟೋರ್ ವಿಧಿಸಿರುವ ಅನ್ವಯಗಳು ಹೇರಳವಾಗಿವೆ.

ಇಟ್ಯಾಗ್ ಕೂಡ ನಿರ್ದೋಷವಲ್ಲ. ಅಪಾಚೆ ಸರ್ವರಿನ ಹಳೆಯ ಆವೃತ್ತಿಗಳು ಕಡತದ ಗಾತ್ರ ಮತ್ತು ದಿನಾಂಕಗಳೊಡನೆ ಡಿಸ್ಕಿನ ಮೇಲಣ ಅದರ ಆಂತರಿಕ ಸಂಖ್ಯೆಯನ್ನೂ ಬೆರೆಸಿ ಗುರುತನ್ನು ರಚಿಸುತ್ತಿದ್ದುದರಿಂದ, ಒಂದೇ ಕಡತವನ್ನು ಹಲವು ಯಂತ್ರಗಳಿಂದ ಬಡಿಸುವ ತಾಣಗಳಲ್ಲಿ ಗುರುತು ಯಂತ್ರದಿಂದ ಯಂತ್ರಕ್ಕೆ ಬದಲಾಗಿ ವಿಚಾರಣೆ ನಿಷ್ಫಲವಾಗುತ್ತಿತ್ತು, 2.4ನೆಯ ಆವೃತ್ತಿಯಲ್ಲಿ ಆ ಸಂಖ್ಯೆಯನ್ನು ಕೈಬಿಡಲಾಯಿತು. ಇದಲ್ಲದೆ, ಉತ್ತರವನ್ನು ಪೂರ್ತಿಯಾಗಿ ಸಿದ್ಧಪಡಿಸಿದ ಮೇಲೆ ಅದರಿಂದಲೇ ಗುರುತನ್ನು ಲೆಕ್ಕಹಾಕುವ ಚೌಕಟ್ಟುಗಳಲ್ಲಿ, 304 ಕಳುಹಿಸಿದರೂ ದತ್ತಾಂಶಕೋಶದ ಮೇಲಿನ ಹೊರೆ ಕಿಂಚಿತ್ತೂ ಇಳಿಯುವುದಿಲ್ಲ. ಇಳಿಯುವುದು ಜಾಲದ ಹೊರೆ ಮಾತ್ರ. ದಾಖಲೆಯ ಆವೃತ್ತಿಸಂಖ್ಯೆಯಿಂದಲೇ ಗುರುತನ್ನು ರಚಿಸಿದರೆ ಎರಡೂ ಇಳಿಯುತ್ತವೆ.

ಒಂದೇ ವಿಳಾಸದಿಂದ ಕೇಳುವವನಿಗೆ ತಕ್ಕಂತೆ ಬೇರೆ ಬೇರೆ ಉತ್ತರ ಹೊರಡುವುದುಂಟು. ಬ್ರೌಸರು ತಿಳಿಸಿದ ಭಾಷೆಯನ್ನು ನೋಡಿ ಒಬ್ಬನಿಗೆ ಕನ್ನಡದಲ್ಲಿಯೂ ಇನ್ನೊಬ್ಬನಿಗೆ ಇಂಗ್ಲಿಷಿನಲ್ಲಿಯೂ ಉತ್ತರಿಸುವ ಸರ್ವರು, ತನ್ನ ಉತ್ತರ ಭಾಷೆಯ ಹೆಡರನ್ನು ಅವಲಂಬಿಸಿದೆಯೆಂದು ವೇರಿ ಎಂಬ ಹೆಡರಿನಲ್ಲಿ ಸಾರದಿದ್ದರೆ, ಇಬ್ಬರ ನಡುವಣ ಸಂಗ್ರಹ ಕನ್ನಡ ಬಯಸಿದವನಿಗೆ ಇಂಗ್ಲಿಷಿನ ಪ್ರತಿಯನ್ನು ಕೊಟ್ಟುಬಿಡಬಹುದು.

ಹಂಚಿಕೆಯ ಸಂಗ್ರಹಗಳ ವಿಷಯದಲ್ಲಿ ಎಡವಟ್ಟಿನ ಪರಿಣಾಮ ಇದಕ್ಕಿಂತ ಗಂಭೀರ. ಆಥರೈಸೇಷನ್ ಹೆಡರಿನೊಡನೆ ಬಂದ ಕೋರಿಕೆಯ ಉತ್ತರವನ್ನು, ಸರ್ವರು ಪ್ರತ್ಯೇಕವಾಗಿ ಒಪ್ಪಿದ ಹೊರತು, ಹಂಚಿಕೆಯ ಸಂಗ್ರಹ ಮರುಬಳಸಬಾರದೆಂದು ನಿಯಮವಿದೆ. ಆದರೆ ಕುಕಿಯ ಮೂಲಕ ಗುರುತು ತೋರಿಸಿದ ಕೋರಿಕೆಗೆ ಈ ರಕ್ಷಣೆ ತಾನಾಗಿ ದೊರೆಯದು, ಮತ್ತು ವೆಬ್ ಅನ್ವಯಗಳಲ್ಲಿ ದೊಡ್ಡ ಪಾಲು ಕುಕಿಯನ್ನೇ ನೆಚ್ಚಿಕೊಂಡಿದೆ. 2015ರ ಡಿಸೆಂಬರ್ 25ರಂದು ವಾಲ್ವ್ ಸಂಸ್ಥೆಯ ಸ್ಟೀಮ್ ಎಂಬ ಆಟಗಳ ಮಳಿಗೆಯ ಮೇಲೆ ಕೋರಿಕೆಗಳ ಮಹಾಪೂರದ ದಾಳಿ ನಡೆದಾಗ, ಅದನ್ನು ತಡೆಯಲು ತರಾತುರಿಯಲ್ಲಿ ಜಾರಿಗೆ ತಂದ ಸಂಗ್ರಹವ್ಯವಸ್ಥೆಯ ತಪ್ಪಿನಿಂದ, ಒಬ್ಬರ ಖಾತೆಯ ಪುಟಗಳು ಇನ್ನೊಬ್ಬರಿಗೆ ಕಾಣಿಸಿದವು. ಸುಮಾರು 34,000 ಬಳಕೆದಾರರ ವಿವರಗಳು ಹೀಗೆ ಬಯಲಾಗಿರಬಹುದೆಂದು ಸಂಸ್ಥೆಯೇ ತಿಳಿಸಿತು. ಅಲ್ಲಿ ಎಡವಿದ್ದು ಬ್ರೌಸರಿನ ಸಂಗ್ರಹವಲ್ಲವಾದರೂ, ಎರಡನ್ನೂ ಆಳುವುದು ಒಂದೇ ಹೆಡರು.

ಕೇಳುವವನ ಕಡೆಯಿಂದ ಸೋಗಿಲ್ಲದೆ ಇಚ್ಛೆಯನ್ನು ತಿಳಿಸುವ ಅನುಕೂಲ ಬಂದುದು ತಡವಾಗಿ. 2015ರ ಸುಮಾರಿಗೆ ಬ್ರೌಸರುಗಳಿಗೆ ಬಂದ ಫೆಚ್ ಎಂಬ ವಿಧಾನದಲ್ಲಿ ಪ್ರತಿ ಕೋರಿಕೆಗೂ ಸಂಗ್ರಹದೊಡನೆ ಹೇಗೆ ವ್ಯವಹರಿಸಬೇಕೆಂದು ಆರು ಕ್ರಮಗಳಲ್ಲಿ ಒಂದನ್ನು ನಿರ್ದೇಶಿಸಬಹುದು. ಡಿಫಾಲ್ಟ್ ಎಂಬುದು ಮೇಲೆ ಹೇಳಿದ ಸಾಮಾನ್ಯ ನಿಯಮ. ನೋ-ಸ್ಟೋರ್ ಸಂಗ್ರಹವನ್ನು ನೋಡುವುದೂ ಇಲ್ಲ, ಬಂದುದನ್ನು ಅದರಲ್ಲಿ ಇಡುವುದೂ ಇಲ್ಲ. ರೀಲೋಡ್ ನೋಡದಿದ್ದರೂ ಬಂದುದನ್ನು ಇಡುತ್ತದೆ. ನೋ-ಕ್ಯಾಶೆ ಪ್ರತಿಯಿದ್ದರೆ ತಾಜಾ ಆಗಿದ್ದರೂ ಮೂಲವನ್ನು ವಿಚಾರಿಸುತ್ತದೆ. ಫೋರ್ಸ್-ಕ್ಯಾಶೆ ಪ್ರತಿ ಹಳತಾಗಿದ್ದರೂ ಅದನ್ನೇ ಕೊಟ್ಟು, ಪ್ರತಿಯೇ ಇಲ್ಲದಾಗ ಮಾತ್ರ ಜಾಲಕ್ಕೆ ಹೋಗುತ್ತದೆ. ಓನ್ಲಿ-ಇಫ್-ಕ್ಯಾಶ್ಡ್ ಜಾಲಕ್ಕೆ ಹೋಗುವುದೇ ಇಲ್ಲ, ಮತ್ತು ಅನ್ಯ ತಾಣದ ಸಂಗ್ರಹವನ್ನು ಇಣುಕಿ ನೋಡಲು ಬಳಕೆಯಾಗಬಾರದೆಂದು ಅದನ್ನು ಸ್ವಂತ ತಾಣದ ವಿಳಾಸಗಳಿಗೆ ಸೀಮಿತಗೊಳಿಸಲಾಗಿದೆ. ಇವುಗಳಲ್ಲಿ ರೀಲೋಡ್ ಎಂಬುದು ಯಾದೃಚ್ಛಿಕ ಸಂಖ್ಯೆಯ ಹಳೆಯ ಉಪಾಯಕ್ಕೆ ನೇರವಾದ ಬದಲಿ: ಫಲ ಅದೇ, ಕಸ ಉಳಿಯುವುದಿಲ್ಲ. ಈ ಕ್ರಮವನ್ನು ಬಿಟ್ಟು ಕ್ಯಾಶೆ-ಕಂಟ್ರೋಲ್ ಹೆಡರನ್ನು ಕೋರಿಕೆಗೆ ಕೈಯಾರೆ ಸೇರಿಸಿದರೆ, ಅನ್ಯ ತಾಣಕ್ಕೆ ಹೋಗುವ ಕೋರಿಕೆಯಾಗಿದ್ದಲ್ಲಿ, ಬ್ರೌಸರು ಮುಂಚಿತವಾಗಿ ಅನುಮತಿ ಕೇಳುವ ಇನ್ನೊಂದು ಕೋರಿಕೆಯನ್ನು ಕಳುಹಿಸಬೇಕಾಗಿ ಬಂದು, ಒಂದು ಪ್ರಯಾಣದ ಕೆಲಸಕ್ಕೆ ಎರಡು ಪ್ರಯಾಣವಾದೀತು.

ಸಂಗ್ರಹಗಳ ಅಂತಸ್ತುಗಳು ಅಲ್ಲಿಗೇ ಮುಗಿಯಲಿಲ್ಲ. ಸರ್ವಿಸ್ ವರ್ಕರ್ ಎಂಬ, ಪುಟಕ್ಕೂ ಜಾಲಕ್ಕೂ ನಡುವೆ ನಿಂತು ಕೋರಿಕೆಗಳನ್ನು ತಡೆದು ವಿಚಾರಿಸುವ ಪ್ರೋಗ್ರಾಮು ತನ್ನದೇ ಆದ ಕ್ಯಾಶೆ ಭಂಡಾರವನ್ನು ಇಟ್ಟುಕೊಳ್ಳಬಲ್ಲದು. ಆ ಭಂಡಾರ ಮ್ಯಾಕ್ಸ್-ಏಜ್ ಮುಂತಾದ ಆದೇಶಗಳನ್ನು ಲೆಕ್ಕಿಸುವುದೇ ಇಲ್ಲ, ಅಲ್ಲಿಟ್ಟ ಪ್ರತಿಯನ್ನು ತೆಗೆಯುವ ಹೊಣೆ ಬರೆದವನದೇ. ಅದರ ಮೇಲೆ, ಹಳತನ್ನು ಒಡನೆ ತೋರಿಸಿ ಹಿನ್ನೆಲೆಯಲ್ಲಿ ಹೊಸದನ್ನು ತರಿಸುವ ಉಪಕರಣಗಳು ಪುಟದ ಸ್ಮೃತಿಯಲ್ಲಿ ಮತ್ತೊಂದು ಸಂಗ್ರಹವನ್ನು ಹೂಡುತ್ತವೆ. ಸ್ಟೇಲ್-ವೈಲ್-ರಿವ್ಯಾಲಿಡೇಟ್ ಎಂದು ಮಾರ್ಕ್ ನಾಟಿಂಗ್‌ಹ್ಯಾಮ್ 2010ರಲ್ಲಿ ಆರ್‌ಎಫ್‌ಸಿ 5861ರ ಮೂಲಕ ಹೆಡರಿನ ಆದೇಶವಾಗಿ ವಿವರಿಸಿದ್ದ ಕಲ್ಪನೆಯೇ ಅವುಗಳ ಮೂಲ. ಹಳೆಯ ದತ್ತಾಂಶ ಕಾಣಿಸಿತೆಂಬ ದೂರು ಬಂದಾಗ ದೋಷ ಯಾವ ಅಂತಸ್ತಿನದೆಂದು ಪತ್ತೆಹಚ್ಚುವುದೇ ಈಚೆಗೆ ದೊಡ್ಡ ಕೆಲಸ. ಬ್ರೌಸರಿನ ಪರೀಕ್ಷಾಸಾಧನಗಳಲ್ಲಿ ಕ್ಯಾಶೆಯನ್ನು ನಿಷ್ಕ್ರಿಯಗೊಳಿಸುವ ಗುಂಡಿಯನ್ನು ಒತ್ತಿಟ್ಟುಕೊಂಡೇ ದುಡಿಯುವ ತಂತ್ರಾಂಶಕಾರನ ಕಣ್ಣಿಗಂತೂ ಈ ದೋಷ ಬೀಳುವುದೇ ಇಲ್ಲ.

ಸಂಗ್ರಹದ ಇರುವಿಕೆಯೇ ಗುಟ್ಟನ್ನು ಹೊರಗೆಡಹಬಹುದೆಂಬುದನ್ನು ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ಫೆಲ್ಟನ್ ಮತ್ತು ಮೈಕೆಲ್ ಷ್ನೈಡರ್ 2000ದಲ್ಲಿಯೇ ತೋರಿಸಿದ್ದರು: ಅನ್ಯ ತಾಣದ ಕಡತವೊಂದು ಎಷ್ಟು ಬೇಗ ಬಂದಿತೆಂದು ಅಳೆದರೆ, ಬಳಕೆದಾರ ಆ ತಾಣಕ್ಕೆ ಮೊದಲು ಹೋಗಿದ್ದನೋ ಇಲ್ಲವೋ ಎಂಬುದು ತಿಳಿದುಹೋಗುತ್ತದೆ. ಪ್ರತಿಯನ್ನು ತರಿಸಿದ ಪುಟ ಯಾವ ತಾಣದ್ದೋ ಆ ತಾಣಕ್ಕೆ ಮಾತ್ರ ಅದು ಸಲ್ಲುವಂತೆ ಸಂಗ್ರಹವನ್ನು ವಿಭಜಿಸುವ ಪರಿಹಾರವನ್ನು ಸಫಾರಿ 2013ರಲ್ಲಿ ಕೈಗೊಂಡಿತು. ಕ್ರೋಮ್ 2020ರಲ್ಲಿಯೂ ಫೈರ್‌ಫಾಕ್ಸ್ 2021ರಲ್ಲಿಯೂ ಅದನ್ನು ಅನುಸರಿಸಿದವು. ಎಲ್ಲರೂ ಬಳಸುವ ಉಪಕರಣಸಂಪುಟವನ್ನು ಒಂದೇ ಸಾರ್ವಜನಿಕ ವಿಳಾಸದಿಂದ ತರಿಸಿದರೆ ಒಂದು ತಾಣದಲ್ಲಿ ಬಂದದ್ದು ಇನ್ನೊಂದಕ್ಕೂ ಒದಗುವುದೆಂಬ ಹಳೆಯ ಸಲಹೆ ಇದರಿಂದ ಅಸಿಂಧುವಾಯಿತು.

ಕೊಟ್ಟ ಮಾತನ್ನು ಹಿಂತೆಗೆದುಕೊಳ್ಳುವ ಪ್ರಶ್ನೆ ಉಳಿಯುತ್ತದೆ. ಒಂದು ವಿಳಾಸಕ್ಕೆ ಪೋಸ್ಟ್, ಪುಟ್ ಅಥವಾ ಡಿಲೀಟ್ ಕೋರಿಕೆ ಹೋಗಿ ಸಫಲವಾದರೆ, ಆ ಬ್ರೌಸರು ತನ್ನಲ್ಲಿರುವ ಅದೇ ವಿಳಾಸದ ಪ್ರತಿಯನ್ನು ಅಸಿಂಧುಗೊಳಿಸಬೇಕೆಂದು ನಿಯಮವಿದೆ. ಆದರೆ ಸರಕಿನ ಬೆಲೆಯನ್ನು ತಿದ್ದಿದಾಗ ಆ ಸರಕಿನ ವಿಳಾಸ ಮಾತ್ರ ಅಸಿಂಧುವಾಗುತ್ತದೆ. ಅದೇ ಬೆಲೆಯನ್ನು ತೋರಿಸುವ ಪಟ್ಟಿಯ ವಿಳಾಸವೂ ಬೇರೆಯವರ ಬ್ರೌಸರುಗಳಲ್ಲಿರುವ ಪ್ರತಿಗಳೂ ಹಾಗೆಯೇ ಉಳಿಯುತ್ತವೆ. ಕ್ಲಿಯರ್-ಸೈಟ್-ಡೇಟಾ ಎಂಬ ಹೆಡರಿನ ಮೂಲಕ ಸರ್ವರು ತನ್ನ ತಾಣದ ಸಂಗ್ರಹವನ್ನೆಲ್ಲ ಅಳಿಸಲು ಆಜ್ಞಾಪಿಸಬಹುದು, ನಿರ್ಗಮನದ ವೇಳೆ ಅದನ್ನು ಕಳುಹಿಸುವುದು ಉಚಿತವೂ ಹೌದು. ಆದರೂ ಬ್ರೌಸರು ಬಂದು ಕೇಳುವವರೆಗೆ ಆ ಆಜ್ಞೆಯನ್ನು ಕಳುಹಿಸುವುದು ಹೇಗೆ? ಒಂದು ವರ್ಷದ, ಎಂದರೆ 31536000 ಸೆಕೆಂಡುಗಳ ಆಯುಸ್ಸನ್ನು ತಪ್ಪಾಗಿ ಪಡೆದು ಹೊರಟ ಉತ್ತರ, ಬಳಕೆದಾರ ತಾನಾಗಿ ಅಳಿಸದ ಅಥವಾ ಜಾಗದ ಅಭಾವದಿಂದ ಬ್ರೌಸರೇ ಹೊರಹಾಕದ ಹೊರತು, ಸರ್ವರಿನ ಕೈಗೆ ಮತ್ತೆ ಸಿಕ್ಕುವುದಿಲ್ಲ. ಇದರಿಂದಲೇ ನುರಿತವರು ದೀರ್ಘಾಯುಸ್ಸನ್ನು, ತಿರುಳು ಬದಲಾದಾಗಲೆಲ್ಲ ಹೆಸರೂ ಬದಲಾಗುವಂತೆ ಬೆರಳಚ್ಚಿನ ಸಂಖ್ಯೆಯನ್ನು ಹೆಸರಿನಲ್ಲಿಯೇ ಹೊತ್ತ ಕಡತಗಳಿಗೆ ಮಾತ್ರ ಮೀಸಲಿಟ್ಟು, 2017ರ ಆರ್‌ಎಫ್‌ಸಿ 8246ರಲ್ಲಿ ಬಂದ ಇಮ್ಯೂಟಬಲ್ ಎಂಬ ಆದೇಶವನ್ನು ಅವುಗಳಿಗೆ ಸೇರಿಸುತ್ತಾರೆ. ಆ ಹೆಸರುಗಳನ್ನು ಉಲ್ಲೇಖಿಸುವ ಮುಖ್ಯಪುಟಕ್ಕೆ ನೋ-ಕ್ಯಾಶೆಯನ್ನು ವಿಧಿಸುತ್ತಾರೆ. ವಿಳಾಸ ಸ್ಥಿರವಾಗಿದ್ದು ತಿರುಳು ಚಂಚಲವಾಗಿರುವ ದತ್ತಾಂಶಕ್ಕೆ ಕೆಲವು ಸೆಕೆಂಡುಗಳ ಆಯುಸ್ಸನ್ನು ಕೊಡುವುದಕ್ಕೂ ಎರಡು ಬಾರಿ ಯೋಚಿಸುತ್ತಾರೆ.